ಊರು ಕಾಣುವ ಮಹಡಿಯಲ್ಲಿ ಮನೆಮಂದಿಯ ರಾತ್ರಿಯೂಟ: ಜಾಗ ಆರಿಸುವುದರಿಂದ ಕ್ಯಾಬ್ ಹತ್ತುವವರೆಗೆ

ಬೆಂಗಳೂರಿನ ಎತ್ತರದ ರೆಸ್ಟೋರೆಂಟಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಬಂದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಎಂಟು ಜನ ಅಂದಿದ್ದಕ್ಕೆ ಒಳಗಡೆ ಕಂಬದ ಪಕ್ಕ ಕೂರಿಸಿದರು. ಒಂಬತ್ತು ಗಂಟೆಗೆ ಡಿಜೆ ಶುರುವಾಗಿ ಅಜ್ಜಿ ಕಿವಿ ಮುಚ್ಚಿಕೊಂಡರು. ಇದರಲ್ಲಿ ಒಂದಕ್ಕೂ ಅಡುಗೆಮನೆ ಕಾರಣವಲ್ಲ, ಎಲ್ಲವೂ ಬುಕ್ಕಿಂಗ್ ಮಾಡುವಾಗಲೇ ತೀರ್ಮಾನವಾಗಿ ಹೋಗಿರುತ್ತವೆ. ಅದಕ್ಕೇ ಈ ಬರಹದ ಹೆಚ್ಚಿನ ಭಾಗ ಹೊರಡುವ ಮುಂಚಿನ ತಯಾರಿಯ ಬಗ್ಗೆ. ಲೆಕ್ಕಕ್ಕೆ ಎಂಟು ಜನರ ಕುಟುಂಬ ಇಟ್ಟುಕೊಳ್ಳೋಣ: ಅಜ್ಜಿ, ತಾತ, ನಾಲ್ವರು ದೊಡ್ಡವರು, ಇಬ್ಬರು ಮಕ್ಕಳು.

ಮೊದಲು ದಿಕ್ಕು, ಆಮೇಲೆ ಮಹಡಿ

ಬೆಂಗಳೂರಿನಲ್ಲಿ ಎತ್ತರದ ಕಟ್ಟಡಗಳು ಒಂದೇ ಕಡೆ ಗುಂಪಾಗಿಲ್ಲ. ಎಚ್‌ಎಎಲ್ ವಿಮಾನ ನಿಲ್ದಾಣ, ಜಕ್ಕೂರು, ಯಲಹಂಕ ವಾಯುನೆಲೆಗಳಿಂದಾಗಿ ಊರಿನ ಹಲವು ಭಾಗಗಳಲ್ಲಿ ಕಟ್ಟಡದ ಎತ್ತರಕ್ಕೆ ಮಿತಿ ಇದೆ. ಹಾಗಾಗಿ ಮೇಲಿನಿಂದ ಕಾಣುವುದು ಮುಂಬೈ ಥರದ ಗೋಪುರಗಳ ಸಾಲಲ್ಲ. ಮರಗಳು, ತಗ್ಗಿನ ಮನೆಗಳು, ನಡುನಡುವೆ ಒಂಟಿ ಗೋಪುರಗಳು. ಇಂಥ ಊರನ್ನು ನೋಡಲು 30ನೇ ಮಹಡಿಗಿಂತ 12ರಿಂದ 20ನೇ ಮಹಡಿ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಷ್ಟು ಎತ್ತರದಲ್ಲಿ ರಸ್ತೆ, ಮರ, ಕಟ್ಟಡದ ಗುರುತು ಸಿಗುತ್ತದೆ, "ಅಗೋ ನಮ್ಮ ಸ್ಕೂಲ್ ಇದ್ದ ಜಾಗ" ಎಂದು ತಾತ ತೋರಿಸಬಹುದು. ಇನ್ನೂ ಮೇಲೆ ಹೋದರೆ ದೀಪಗಳ ಹಾಸು ಮಾತ್ರ. ಅದೂ ಚೆಂದವೇ, ಆದರೆ ಹತ್ತು ನಿಮಿಷ ನೋಡಿದ ಮೇಲೆ ಮಾತಿಗೆ ವಸ್ತು ಸಿಗುವುದಿಲ್ಲ.

ಎಂ.ಜಿ. ರಸ್ತೆಯ ಬಾರ್ಟನ್ ಸೆಂಟರ್‌ನ 13ನೇ ಮಹಡಿ ಈ ಲೆಕ್ಕಕ್ಕೆ ಸರಿಯಾಗಿ ಕೂರುವ ಹಳೆಯ ಜಾಗ. ಎದುರಿಗೆ ಮಾಣೆಕ್‌ಷಾ ಪರೇಡ್ ಮೈದಾನ, ಅದರಾಚೆ ಪಶ್ಚಿಮಕ್ಕೆ ಕಬ್ಬನ್ ಪಾರ್ಕ್. ಸೂರ್ಯ ಮುಳುಗುವುದೂ ಆ ಕಡೆಗೇ. ವಿಟ್ಠಲ್ ಮಲ್ಯ ರಸ್ತೆಯ ಯುಬಿ ಸಿಟಿಯ ಮೇಲ್ಮಹಡಿಗಳಿಗೆ ಕಬ್ಬನ್ ಪಾರ್ಕ್ ಇನ್ನೂ ಹತ್ತಿರ. ವಿಧಾನಸೌಧ ಅಲ್ಲಿಂದ ಉತ್ತರಕ್ಕಿದೆ, ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಅದಕ್ಕೆ ದೀಪಾಲಂಕಾರ ಇರುತ್ತದೆ. ಅದನ್ನು ನೋಡುವ ಆಸೆ ಇದ್ದರೆ ಆ ದಿನವನ್ನೇ ಆರಿಸಿ, ಉತ್ತರ ಬದಿಯ ಟೇಬಲ್ ಕೇಳಿ. ಬಳ್ಳಾರಿ ರಸ್ತೆಯ ಗಂಗಾನಗರದಲ್ಲಿರುವ ಫೋರ್ ಸೀಸನ್ಸ್ ಹೋಟೆಲಿನ 21ನೇ ಮಹಡಿಯಿಂದ ಹೆಬ್ಬಾಳದ ಕಡೆ ಹೋಗುವ ವಾಹನಗಳ ಕೆಂಪು-ಬಿಳಿ ಸಾಲು ಕಾಣುತ್ತದೆ. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ. ಡಾ. ರಾಜ್‌ಕುಮಾರ್ ರಸ್ತೆಯ ಬ್ರಿಗೇಡ್ ಗೇಟ್‌ವೇ ಆವರಣದ ವರ್ಲ್ಡ್ ಟ್ರೇಡ್ ಸೆಂಟರ್ 128 ಮೀಟರ್ ಎತ್ತರ. ಕಾಲ ಬುಡದಲ್ಲೇ ಇಸ್ಕಾನ್ ದೇವಸ್ಥಾನದ ಗುಡ್ಡ, ಪೂರ್ವಕ್ಕೆ ಮಲ್ಲೇಶ್ವರದ ಮರಗಳು, ಸ್ಯಾಂಕಿ ಕೆರೆ. ಹಲಸೂರು ಕೆರೆಯತ್ತ ಮುಖ ಮಾಡಿದ ಹೋಟೆಲುಗಳಿಗೆ ಹೋಗುವುದಾದರೆ ಬೆಳಕಿರುವಾಗಲೇ ಹೋಗಿ. ಕತ್ತಲಾದ ಮೇಲೆ ಕೆರೆ ಎಂದರೆ ದೀಪಗಳ ನಡುವಿನ ಕಪ್ಪು ತೇಪೆ, ಅಷ್ಟೇ.

ಇಂಥ ರೆಸ್ಟೋರೆಂಟುಗಳ ಹೆಸರು, ಮೆನು, ಒಡೆತನ ಈ ಊರಿನಲ್ಲಿ ಬೇಗ ಬದಲಾಗುತ್ತವೆ. ಎರಡು ವರ್ಷ ಹಳೆಯ ವಿಡಿಯೊ ನೋಡಿ ತೀರ್ಮಾನ ಮಾಡಬೇಡಿ, ಫೋನ್ ಹಚ್ಚಿ.

ಹೊತ್ತಿನ ಲೆಕ್ಕ

ಎಲ್ಲರಿಗೂ ಬೇಕಾದದ್ದು ಒಂದೇ ಕೂರುವಿಕೆಯಲ್ಲಿ ಮೂರು ನೋಟ: ಹಗಲಿನ ಊರು, ಸೂರ್ಯಾಸ್ತ, ಆಮೇಲೆ ದೀಪಗಳು. ಸಮಸ್ಯೆ ಏನೆಂದರೆ ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಬಹಳ ಚಿಕ್ಕದು. ಸೂರ್ಯ ಮುಳುಗಿ 20–22 ನಿಮಿಷಕ್ಕೆ ಹೊರಗಿನ ಬೆಳಕು ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಆಕಾಶ ಗಾಢ ನೀಲಿ ಇದ್ದು ಕೆಳಗೆ ದೀಪಗಳೂ ಹತ್ತಿರುವ ಅತಿ ಚೆಂದದ ಹೊತ್ತು ಸೂರ್ಯಾಸ್ತದ ನಂತರ ಸುಮಾರು 15ರಿಂದ 35 ನಿಮಿಷ. "ಏಳೂವರೆಗೆ ಬುಕ್ ಮಾಡಿದ್ದೀವಿ" ಎಂದು ಆರಾಮಾಗಿ ಹೊರಟವರಿಗೆ ಇದು ವರ್ಷದ ಯಾವ ತಿಂಗಳಲ್ಲೂ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರ್ ಮಧ್ಯದಲ್ಲಿ 5:50ರ ಆಸುಪಾಸು, ಡಿಸೆಂಬರ್ ಮಧ್ಯಕ್ಕೆ 5:57, ಜನವರಿ ಮಧ್ಯಕ್ಕೆ 6:12, ಮಾರ್ಚ್ ಮಧ್ಯಕ್ಕೆ 6:30, ಮೇ ಮಧ್ಯಕ್ಕೆ 6:38, ಜುಲೈ ಮಧ್ಯಕ್ಕೆ 6:50, ಸೆಪ್ಟೆಂಬರ್ ಮಧ್ಯಕ್ಕೆ 6:20. ಒಂದೆರಡು ನಿಮಿಷ ಆಚೀಚೆ ಇರಬಹುದು. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ: ಎಷ್ಟೋ ಕಡೆ ರಾತ್ರಿಯೂಟದ ಅಡುಗೆಮನೆ ತೆರೆಯುವುದೇ 7 ಗಂಟೆಗೆ. ಅಂದರೆ ನವೆಂಬರ್‌ನಲ್ಲಿ ಊಟಕ್ಕೆ ಕೂರುವಾಗ ಕಗ್ಗತ್ತಲು, ಜುಲೈನಲ್ಲಿ ಇನ್ನೂ ಬೆಳಕು. ಆದರೆ ಜುಲೈನಲ್ಲಿ ಮೋಡ ಕವಿದಿರುತ್ತದೆ, ಏಪ್ರಿಲ್–ಮೇ ಸಂಜೆಗಳಲ್ಲಿ ಗುಡುಗು ಮಳೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಜೋರು ಮಳೆ. ಎಲ್ಲ ಕೂಡಿ ಕಳೆದು ನೋಡಿದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆಯವರೆಗಿನ ಐದು ವಾರ ಒಳ್ಳೆಯ ಹೊತ್ತು. ಮಳೆ ಕಡಿಮೆ, ಚಳಿ ಇಲ್ಲ, ಕಬ್ಬನ್ ಪಾರ್ಕಿನ ಆಸುಪಾಸು ಟಬೂಬಿಯಾ ಮರಗಳ ಗುಲಾಬಿ ಹೂವು ಇನ್ನೂ ಉಳಿದಿದ್ದರೆ ಅದೂ ಕಾಣುತ್ತದೆ. ಮಕ್ಕಳ ಪರೀಕ್ಷೆ ಬರುವುದೂ ಆಗಲೇ ಎಂಬುದು ಬೇರೆ ಮಾತು.

ಯಾವ ತಿಂಗಳಾದರೂ ಸೂತ್ರ ಒಂದೇ: ಸೂರ್ಯಾಸ್ತಕ್ಕೆ 30 ನಿಮಿಷ ಮುಂಚೆ ಕುರ್ಚಿಯಲ್ಲಿ ಕೂತಿರಬೇಕು. ಕಟ್ಟಡದ ಗೇಟಿನಿಂದ ಕುರ್ಚಿಯವರೆಗೆ ಸೆಕ್ಯುರಿಟಿ, ಪಾರ್ಕಿಂಗ್, ಲಿಫ್ಟ್ ಸೇರಿ 15–20 ನಿಮಿಷ ಬೇಕು. ಎಂಟು ಜನ, ಅದರಲ್ಲಿ ಇಬ್ಬರು ವಯಸ್ಸಾದವರು ಅಂದರೆ 25 ಅಂದುಕೊಳ್ಳಿ. ರಾತ್ರಿಯೂಟ 7ಕ್ಕೆ ಅಂದರೆ, ಅದಕ್ಕೆ ಮುಂಚೆ ಕಾಫಿ, ಸೂಪು, ಸ್ಟಾರ್ಟರ್ ಸಿಗುತ್ತದೆಯೇ ಕೇಳಿ. ಸಿಗುತ್ತದೆ ಎಂದರೆ ಬೇಗ ಹೋಗಿ ಅಲ್ಲೇ ಊಟಕ್ಕೆ ಮುಂದುವರಿಯಿರಿ. ಅಜ್ಜಿ-ತಾತನಿಗೆ ಎಂಟು ಗಂಟೆಯೊಳಗೆ ಊಟ ಮುಗಿದರೆ ಅನುಕೂಲವೂ ಹೌದು.

ವಾರದ ದಿನದ ಮಟ್ಟಿಗೆ ಶುಕ್ರವಾರ, ಶನಿವಾರ ಬಿಟ್ಟುಬಿಡಿ. ಬಾರ್ ಇರುವ ಮೇಲ್ಮಹಡಿಗಳಲ್ಲಿ ಆ ಎರಡು ರಾತ್ರಿ ಎಂಟೂವರೆ, ಒಂಬತ್ತರ ಮೇಲೆ ಅದು ರೆಸ್ಟೋರೆಂಟಾಗಿ ಉಳಿಯುವುದಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾತ್ರಿ ಪಂದ್ಯವಿದ್ದರೆ ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್ ಸುತ್ತ ಹೋಗಲೇಬೇಡಿ. ಹೊನಲು ಬೆಳಕು ಮೇಲಿಂದ ಸೊಗಸಾಗಿ ಕಾಣುತ್ತದೆ ಎನ್ನುವುದು ನಿಜ, ಆದರೆ ಅಲ್ಲಿಗೆ ತಲುಪಬೇಕಲ್ಲ.

ಫೋನಿನಲ್ಲಿ ಕೇಳಬೇಕಾದ್ದು

ಆ್ಯಪ್‌ನಲ್ಲಿ ಬುಕ್ ಮಾಡಿದರೂ ಸರಿ, ಒಮ್ಮೆ ಫೋನ್ ಮಾಡಲೇಬೇಕು. ಆ್ಯಪ್‌ನ "ಕಿಟಕಿ ಪಕ್ಕ ಬೇಕು" ಎಂಬ ಟಿಪ್ಪಣಿಯನ್ನು ಓದುವವರು ಕಡಿಮೆ. ಫೋನ್ ಮಾಡಲು ಮಧ್ಯಾಹ್ನ 3ರಿಂದ 5 ಒಳ್ಳೆಯ ಹೊತ್ತು. ಊಟದ ಗಲಾಟೆ ಮುಗಿದಿರುತ್ತದೆ, ಮ್ಯಾನೇಜರ್ ಸಿಗುತ್ತಾರೆ.

ಮೊದಲ ಪ್ರಶ್ನೆ ಮಕ್ಕಳದ್ದು. ಬಾರ್ ಪರವಾನಗಿಯ ಜಾಗಗಳಲ್ಲಿ ಇಂತಿಷ್ಟು ಗಂಟೆಯ ಮೇಲೆ 21 ವರ್ಷದೊಳಗಿನವರನ್ನು ಬಿಡುವುದಿಲ್ಲ ಎಂಬ ನಿಯಮ ಸಾಮಾನ್ಯ. ಎಂಟು ವರ್ಷದ ಮಗುವಿಗೂ ಅದೇ ನಿಯಮ. ಇದನ್ನು ಕೇಳದೆ ಹೋಗಿ ಲಿಫ್ಟ್ ಬಾಗಿಲಿನಿಂದಲೇ ವಾಪಸು ಬಂದ ಕುಟುಂಬಗಳಿವೆ. ಮಕ್ಕಳಿರಬಹುದು ಎಂದರೆ ಎಷ್ಟು ಗಂಟೆಯವರೆಗೆ ಎಂದು ಕೇಳಿ, ಹೇಳಿದವರ ಹೆಸರು ಬರೆದಿಟ್ಟುಕೊಳ್ಳಿ.

ಎರಡನೆಯದು ಲಿಫ್ಟ್ ಎಲ್ಲಿಯವರೆಗೆ ಹೋಗುತ್ತದೆ ಎಂಬುದು. ಟೆರೇಸ್ ರೆಸ್ಟೋರೆಂಟುಗಳಲ್ಲಿ ಲಿಫ್ಟ್ ಒಂದು ಮಹಡಿ ಕೆಳಗೇ ನಿಂತು, ಅಲ್ಲಿಂದ 15–20 ಮೆಟ್ಟಿಲು ಹತ್ತಬೇಕಾಗಿ ಬರುವುದುಂಟು. ಟಾಯ್ಲೆಟ್ ಅದೇ ಮಹಡಿಯಲ್ಲಿದೆಯೇ ಎಂದೂ ಕೇಳಿ. ಮಂಡಿನೋವಿನ ಅಜ್ಜಿ ಊಟದ ನಡುವೆ ಕಬ್ಬಿಣದ ಮೆಟ್ಟಿಲು ಇಳಿಯುವುದು ಬೇಡ.

ಉಳಿದವು ಬೇಗ ಮುಗಿಯುತ್ತವೆ. ಕವರ್ ಚಾರ್ಜ್ (ಒಳಗೆ ಬಿಡಲು ಹಾಕುವ ಶುಲ್ಕ) ಅಥವಾ ಕನಿಷ್ಠ ಖರ್ಚಿನ ಷರತ್ತು ಇದೆಯೇ, ಮಕ್ಕಳಿಗೂ ಲೆಕ್ಕ ಹಿಡಿಯುತ್ತಾರೆಯೇ? ತಡವಾದರೆ ಟೇಬಲ್ ಎಷ್ಟು ಹೊತ್ತು ಹಿಡಿಯುತ್ತಾರೆ? ಸಾಮಾನ್ಯವಾಗಿ 15 ನಿಮಿಷ. ಮಳೆ ಬಂದರೆ ಒಳಗೆ ಜಾಗ ಕೊಡುತ್ತಾರೆಯೇ? ಎರಡು ಗಂಟೆಗೆ ಟೇಬಲ್ ಖಾಲಿ ಮಾಡಿ ಎನ್ನುತ್ತಾರೆಯೇ? ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆ, ಮೊಟ್ಟೆ ಇಲ್ಲದ ಡೆಸರ್ಟ್ ಸಿಗುತ್ತದೆಯೇ? ಮೆನುವಿನಲ್ಲಿ ಇಲ್ಲದಿದ್ದರೂ ಒಂದು ಬಟ್ಟಲು ಮೊಸರನ್ನ ಮಾಡಿಕೊಡಲು ಹಿಂದಿನ ದಿನವೇ ಹೇಳಿದರೆ ದೊಡ್ಡ ಹೋಟೆಲುಗಳು ಸಾಮಾನ್ಯವಾಗಿ ಒಪ್ಪುತ್ತವೆ. ಕೂತ ಮೇಲೆ ಕೇಳಿದರೆ "ಚೆಕ್ ಮಾಡ್ತೀನಿ ಸರ್" ಎಂದು ಹೋದವರು ಬಿರಿಯಾನಿ ರೈತಾ ತಂದಿಡುತ್ತಾರೆ.

ಎಂಟು ಜನಕ್ಕೆ ಕಿಟಕಿ ಸಿಗುವುದು ಹೇಗೆ

ಗಾಜಿನ ಪಕ್ಕದ ಟೇಬಲುಗಳು ಹೆಚ್ಚಾಗಿ ಇಬ್ಬರಿಗೆ ಅಥವಾ ನಾಲ್ವರಿಗೆ. ಎಂಟು ಜನ ಅಂದ ಕೂಡಲೇ ಅವರ ಕೈ ಹೋಗುವುದು ನಡುವಿನ ದೊಡ್ಡ ಟೇಬಲಿಗೆ. ಅಲ್ಲಿಂದ ಕಾಣುವುದು ಮುಂದಿನ ಟೇಬಲಿನವರ ಬೆನ್ನು. ಹೀಗೆ ಕೇಳಿ: "ಗಾಜಿನ ಪಕ್ಕ ಅಕ್ಕಪಕ್ಕದ ಎರಡು ನಾಲ್ಕರ ಟೇಬಲ್ ಕೊಡಿ, ಜೋಡಿಸುವುದು ಬೇಡ, ಪ್ರತ್ಯೇಕ ಇದ್ದರೂ ಪರವಾಗಿಲ್ಲ, ಬಿಲ್ ಒಂದೇ." ಈ ಕೊನೆಯ ಎರಡು ಮಾತು ಬಹಳ ಮುಖ್ಯ. ಟೇಬಲ್ ಜೋಡಿಸಿದರೆ ಓಡಾಡುವ ದಾರಿ ಮುಚ್ಚುತ್ತದೆ ಎಂಬುದೇ ಅವರ ಮುಖ್ಯ ತಕರಾರು.

ಟೇಬಲ್ ಗಾಜಿಗೆ ಅಡ್ಡಡ್ಡವಾಗಿದೆಯೋ ಉದ್ದುದ್ದವಾಗಿದೆಯೋ ಎಂಬುದೂ ನೋಡಿಕೊಳ್ಳಬೇಕಾದ್ದೇ. ಉದ್ದ ಬದಿ ಗಾಜಿನ ಕಡೆಗಿದ್ದರೆ ಅರ್ಧ ಜನರಿಗೆ ಪೂರ್ತಿ ನೋಟ, ಇನ್ನರ್ಧ ಜನರ ಬೆನ್ನು ಗಾಜಿಗೆ. ತುದಿ ಮಾತ್ರ ಗಾಜಿಗೆ ತಾಗಿದ್ದರೆ ಎಲ್ಲರೂ ಕತ್ತು ತಿರುಗಿಸಿ ನೋಡಬಹುದು, ಯಾರಿಗೂ ಪೂರ್ತಿ ಮೋಸವಿಲ್ಲ. ನಾಲ್ವರ ಟೇಬಲಿಗೆ ಎರಡನೆಯದೇ ಮೇಲು. ಗಾಜಿನ ಪಕ್ಕದ ಕುರ್ಚಿಗೆ ಮಕ್ಕಳನ್ನು ಕೂರಿಸುವುದು ರೂಢಿ. ನಮ್ಮ ಸಲಹೆ ಅಲ್ಲಿ ಅಜ್ಜಿ-ತಾತ ಕೂರಲಿ. ಮಕ್ಕಳು ಹೇಗೂ ಐದು ನಿಮಿಷಕ್ಕೊಮ್ಮೆ ಎದ್ದು ಗಾಜಿಗೆ ಮೂಗು ಒತ್ತುತ್ತಾರೆ, ವಯಸ್ಸಾದವರು ಎದ್ದು ಹೋಗಿ ನೋಡುವುದಿಲ್ಲ. ಎತ್ತರದಿಂದ ತಲೆ ಸುತ್ತುವವರು ಯಾರಾದರೂ ಇದ್ದರೆ ಅವರನ್ನು ಒಳಮುಖವಾಗಿ, ಗಾಜಿನಿಂದ ಒಂದು ಕುರ್ಚಿ ದೂರಕ್ಕೆ ಕೂರಿಸಿ. ಮೊದಲ ಹತ್ತು ನಿಮಿಷ ಕೆಳಗೆ ನೋಡದೆ ದೂರದ ದಿಗಂತ ನೋಡಿದರೆ ಹೆಚ್ಚಿನವರಿಗೆ ಸರಿಹೋಗುತ್ತದೆ.

ಬಯಲು ಟೆರೇಸಿನಲ್ಲಿ ಕೂರುವುದೋ ಗಾಜಿನೊಳಗೋ? ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಜೋರು, ನ್ಯಾಪ್ಕಿನ್ ಹಾರುತ್ತದೆ, ರೊಟ್ಟಿ ತಟ್ಟೆಗೆ ಬರುವಷ್ಟರಲ್ಲಿ ಚಕ್ಕಳ. ಡಿಸೆಂಬರ್–ಜನವರಿ ರಾತ್ರಿಗಳಲ್ಲಿ 15–16 ಡಿಗ್ರಿಯ ಜೊತೆ ಗಾಳಿಯೂ ಸೇರಿ ಹಿರಿಯರಿಗೆ ಕಷ್ಟ. ಈ ತಿಂಗಳುಗಳಲ್ಲಿ ಊಟ ಒಳಗೆ, ಫೋಟೊ ಹೊರಗೆ. ಒಳಗೆ ಕೂತರೂ ಎಸಿಗೆ ಒಂದು ಶಾಲು ಇರಲಿ.

ಹೊರಡುವ ಸಂಜೆ

ಮಕ್ಕಳಿಗೂ ಹಿರಿಯರಿಗೂ ಎರಡು ಇಡ್ಲಿಯೋ ಬಾಳೆಹಣ್ಣೋ ಕೊಟ್ಟೇ ಹೊರಡಿ. ರಜೆಯ ದಿನ ಆರ್ಡರ್ ಕೊಟ್ಟ ಮೇಲೆ ಮುಖ್ಯ ಊಟ ಬರಲು 35–40 ನಿಮಿಷ ಹಿಡಿಯಬಹುದು. ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲೇ ತೆಗೆದುಕೊಂಡು ಹೊರಟರೆ ಟ್ರಾಫಿಕ್‌ನಲ್ಲೇ ಸಕ್ಕರೆ ಇಳಿಯುವ ಅಪಾಯವಿದೆ. ಔಷಧಿ ಕೈಚೀಲದಲ್ಲಿರಲಿ, ಸಮಯದ ಬಗ್ಗೆ ಅವರ ವೈದ್ಯರನ್ನು ಮುಂಚೆಯೇ ಕೇಳಿಡಿ.

ಎಂ.ಜಿ. ರಸ್ತೆಗಾದರೆ ನೇರಳೆ ಮಾರ್ಗದ ಮೆಟ್ರೋ ಬಿಟ್ಟು ಬೇರೆ ಯೋಚನೆ ಬೇಡ; ನಿಲ್ದಾಣದಿಂದ ಬಾರ್ಟನ್ ಸೆಂಟರ್‌ಗೆ ಕೆಲವೇ ನಿಮಿಷದ ನಡಿಗೆ. ಯುಬಿ ಸಿಟಿಗೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಆಟೋ. ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಹಸಿರು ಮಾರ್ಗದ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ, ಅಲ್ಲಿಂದಲೂ ಹಿರಿಯರಿದ್ದರೆ ಆಟೋ. ಕಾರಿನಲ್ಲೇ ಹೋಗುವುದಾದರೆ ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕೂಡಲೇ ಕಂಬದ ನಂಬರಿನ ಫೋಟೊ ತೆಗೆಯಿರಿ, ಅಲ್ಲಿ ಫೋನಿನ ಸಿಗ್ನಲ್ ಇರುವುದು ಅಪರೂಪ. ನೆಗಡಿಯಾದ ಮಗುವಿಗೆ ವೇಗದ ಲಿಫ್ಟಿನಲ್ಲಿ ಕಿವಿ ಕಟ್ಟುತ್ತದೆ. ಹತ್ತುವ ಮುಂಚೆ ಬಾಯಿಗೆ ಒಂದು ಪೆಪ್ಪರ್‌ಮಿಂಟ್.

ಮೇಲೆ ತಲುಪಿದ ಮೇಲೆ ಎರಡು ನಿಮಿಷ ಕೊಟ್ಟು ಮೆಟ್ಟಿಲ ದಾರಿ ಎಲ್ಲಿದೆ, ಅದರ ಬಾಗಿಲು ತೆರೆಯುತ್ತದೆಯೇ ನೋಡಿ. 2010ರ ಫೆಬ್ರವರಿಯಲ್ಲಿ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಜನ ಸತ್ತರು. ಕಟ್ಟಡ ಏಳು ಮಹಡಿಯದ್ದಷ್ಟೇ, ಹೊಗೆ ಮತ್ತು ಕಿಟಕಿಯಿಂದ ಹಾರಿದ್ದು ಜೀವ ತೆಗೆದವು. 2023ರ ಅಕ್ಟೋಬರ್‌ನಲ್ಲಿ ಕೋರಮಂಗಲದ ಮೇಲ್ಛಾವಣಿ ಕೆಫೆಯೊಂದು ಹೊತ್ತಿ ಉರಿದ ಮೇಲೆ ಪಾಲಿಕೆ ಇಂಥ ಜಾಗಗಳ ತಪಾಸಣೆಗೆ ಇಳಿಯಿತು. ಮೆಟ್ಟಿಲ ಬಳಿ ಬಿಯರ್ ಕ್ರೇಟು, ಮುರಿದ ಕುರ್ಚಿ ಪೇರಿಸಿದ್ದು ಕಂಡರೆ ಆ ಜಾಗಕ್ಕೆ ಮಕ್ಕಳನ್ನು ಎರಡನೇ ಸಲ ಕರೆತರಬೇಡಿ. ಬಯಲು ಟೆರೇಸಿನಲ್ಲಿ ಕಟಾಂಜನದ ಪಕ್ಕ ಸೋಫಾ, ಹೂಕುಂಡ ಇಟ್ಟಿದ್ದರೆ ಮಕ್ಕಳಿಗೆ ಅದು ಮೆಟ್ಟಿಲಾಗುತ್ತದೆ, ಅಂಥ ಟೇಬಲ್ ಬದಲಿಸಿಕೊಳ್ಳಿ.

ಆರ್ಡರ್

ಎಂಟು ಜನಕ್ಕೆ ಒಂದೇ ಸಲ ಎಲ್ಲ ಹೇಳಬೇಡಿ. ಮೊದಲ ಸುತ್ತು: ನಾಲ್ಕು ಸೂಪು, ಬೈ ಟು. ಎಷ್ಟೇ ದೊಡ್ಡ ಹೋಟೆಲಾದರೂ ಬೈ ಟು ಕೇಳಲು ಸಂಕೋಚ ಬೇಡ, ಬೆಂಗಳೂರಿನಲ್ಲಿ ಅದು ಜನ್ಮಸಿದ್ಧ ಹಕ್ಕು. ಜೊತೆಗೆ ನಾಲ್ಕು ಪ್ಲೇಟ್ ಸ್ಟಾರ್ಟರ್. ಪ್ಲೇಟಿಗೆ ಎಷ್ಟು ತುಂಡು ಎಂದು ಕೇಳಿ. ಆರು ಇದ್ದರೆ ಎಂಟು ಮಾಡಿಸಿ, ಹೆಚ್ಚಿಗೆ ದುಡ್ಡು ಹಾಕಿದರೂ ಇನ್ನೊಂದು ಪ್ಲೇಟಿಗಿಂತ ಅಗ್ಗ. ಸೂರ್ಯ ಮುಳುಗುವ ಹೊತ್ತಿಗೆ ಟೇಬಲ್ ಮೇಲೆ ಇರಬೇಕಾದ್ದು ಇದಷ್ಟೇ. ಆಗ ಎಲ್ಲರೂ ಎದ್ದು ಓಡಾಡುತ್ತಾರೆ, ಬಿಸಿ ಊಟ ತಣ್ಣಗಾಗುತ್ತದೆ.

ಎರಡನೇ ಸುತ್ತನ್ನು ನೀಲಿ ಬೆಳಕು ಇರುವಾಗಲೇ ಹೇಳಿ, ಕತ್ತಲಾದ ಮೇಲೆ ಬರಲಿ: ಮೂರು ಪಲ್ಯ ಅಥವಾ ಗ್ರೇವಿ, 12–14 ರೊಟ್ಟಿ-ನಾನ್ (ಮೊದಲು ಎಂಟು, ಉಳಿದದ್ದು ಆಮೇಲೆ), ಒಂದು ಬಿರಿಯಾನಿ, ಒಂದು ಬಿಳಿ ಅನ್ನ, ಎರಡು ಮೊಸರು. ಡೆಸರ್ಟ್ ನಾಲ್ಕು ಸಾಕು. ಹುಟ್ಟುಹಬ್ಬದ ಕೇಕ್ ತಂದಿದ್ದರೆ ಡೆಸರ್ಟೇ ಬೇಡ, ಕೇಕ್ ಅರ್ಧ ಕೆಜಿ ಸಾಕು. ಹೊರಗಿನ ಕೇಕಿಗೆ ಶುಲ್ಕ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕಿಡಿ ಹಾರಿಸುವ ಮೇಣದಬತ್ತಿ ತರಬೇಡಿ, ಹೊಗೆ ಪತ್ತೆ ಯಂತ್ರಗಳಿರುವ ಮಹಡಿಯಲ್ಲಿ ಅದನ್ನು ಹಚ್ಚಲು ಬಿಡುವುದಿಲ್ಲ.

ನೀರಿನ ಬಾಟಲಿ ತಾನಾಗಿ ತೆರೆದುಕೊಳ್ಳುವ ಮುಂಚೆ "ಮಾಮೂಲಿ ನೀರು" ಎಂದು ಹೇಳಿ. ಎಂಟು ಜನಕ್ಕೆ ಆರು ಬಾಟಲಿ ಎಂದರೆ ಬಿಲ್ಲಿನಲ್ಲಿ ಎದ್ದು ಕಾಣುವ ಸಾಲು.

ಫೋಟೊ

ಗಾಜಿನೊಳಗಿನಿಂದ ತೆಗೆದ ಫೋಟೊದಲ್ಲಿ ಊರಿನ ಮೇಲೆ ಟೇಬಲ್ ದೀಪ ತೇಲುತ್ತಿರುತ್ತದೆ. ಎರಡು ಪದರದ ಗಾಜಾದರೆ ಎರಡೆರಡು ದೀಪ. ಫ್ಲ್ಯಾಶ್ ಆರಿಸಿ, ಫೋನಿನ ಲೆನ್ಸನ್ನು ಗಾಜಿಗೆ ತಾಗಿಸಿ, ಸುತ್ತ ಒಂದು ಕಪ್ಪು ಜಾಕೆಟ್ ಮರೆ ಮಾಡಿ. ಪರದೆ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಇಳಿಸಿದರೆ ದೀಪಗಳು ಉಬ್ಬುವುದಿಲ್ಲ. ಮನೆಮಂದಿಯ ಗ್ರೂಪ್ ಫೋಟೊವನ್ನು ಸೂರ್ಯಾಸ್ತದ ನಂತರದ 15–20ನೇ ನಿಮಿಷಕ್ಕೇ ಮುಗಿಸಿ. ಆಗ ಹೊರಗಿನ ಬೆಳಕೂ ಒಳಗಿನ ಬೆಳಕೂ ಸರಿಸಮ ಇರುತ್ತದೆ, ಮುಖವೂ ಊರೂ ಎರಡೂ ಬರುತ್ತವೆ. ಪೂರ್ತಿ ಕತ್ತಲಾದ ಮೇಲೆ ನೈಟ್ ಮೋಡ್‌ಗೆ ಒಂದರಿಂದ ಮೂರು ಸೆಕೆಂಡು ಅಲುಗಾಡದೆ ನಿಲ್ಲಬೇಕು, ಯಾವ ಮಗುವೂ ನಿಲ್ಲುವುದಿಲ್ಲ.

ಬಿಲ್

ಮೂರು ಸಾಲು ನೋಡಿ. ಮೊದಲನೆಯದು ಜಿಎಸ್‌ಟಿ: ಸಾಮಾನ್ಯ ರೆಸ್ಟೋರೆಂಟಿಗೆ ಶೇ 5, ದುಬಾರಿ ಕೊಠಡಿಗಳ ಸ್ಟಾರ್ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಶೇ 18. ಊಟದ ಮೊತ್ತ 14,000 ರೂಪಾಯಿ ಆದರೆ ಮೊದಲ ಕಡೆ ತೆರಿಗೆ 700, ಎರಡನೇ ಕಡೆ 2,520. ಬಜೆಟ್ ಹಾಕುವಾಗಲೇ ಇದನ್ನು ಸೇರಿಸಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದಕ್ಕೆ ರಾಜ್ಯದ ತೆರಿಗೆ ಬೇರೆ. ಎರಡನೆಯದು ಸೇವಾ ಶುಲ್ಕ: ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಜುಲೈ ಮಾರ್ಗಸೂಚಿಯಂತೆ ಇದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಶೇ 10 ಸೇರಿಸಿದ್ದರೆ 14,000ಕ್ಕೆ 1,400, ಅದರ ಮೇಲೆ ಮತ್ತೆ ಜಿಎಸ್‌ಟಿ. ತೆಗೆಯಿರಿ ಎಂದು ಶಾಂತವಾಗಿ ಹೇಳಿ, ಹೆಚ್ಚಿನವರು ತೆಗೆಯುತ್ತಾರೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಚೆನ್ನಾಗಿ ನೋಡಿಕೊಂಡ ಹುಡುಗನಿಗೆ ಕೈಯಲ್ಲೇ ಟಿಪ್ಸ್ ಕೊಡಬಹುದಲ್ಲ. ಮೂರನೆಯದು ಆ್ಯಪ್ ರಿಯಾಯಿತಿ: ರಜೆಯ ದಿನಕ್ಕೆ, ಮದ್ಯಕ್ಕೆ, ಬಫೆಗೆ ಅನ್ವಯಿಸುತ್ತದೆಯೇ ಎಂಬುದನ್ನು ಆರ್ಡರ್ ಕೊಡುವ ಮುಂಚೆ ಕೇಳಿ. ಬಿಲ್ ಬಂದ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ.

ಇಳಿಯುವಾಗ

ಬಿಲ್ ಕಟ್ಟುವ ಮೊದಲೇ ಕ್ಯಾಬ್ ಬುಕ್ ಮಾಡಬೇಡಿ. ಎಂಟು ಜನ ಟಾಯ್ಲೆಟ್ ಮುಗಿಸಿ, ಚಪ್ಪಲಿ ಸರಿಮಾಡಿಕೊಂಡು, ಲಿಫ್ಟಿಗೆ ಕಾದು ಕೆಳಗಿಳಿಯಲು 15 ನಿಮಿಷ ಬೇಕು. ಅಷ್ಟರಲ್ಲಿ ಕಾಯುವ ಶುಲ್ಕ ಶುರು, ಇಲ್ಲವೇ ಡ್ರೈವರ್ ಕ್ಯಾನ್ಸಲ್. ಇಬ್ಬರು ಮೊದಲು ಇಳಿದು, ಕೆಳಗೆ ಫೋನಿನ ಸಿಗ್ನಲ್ ಸಿಗುವ ಕಡೆ ಬುಕ್ ಮಾಡುವುದು ಲೇಸು. ಬ್ರಿಗೇಡ್ ಗೇಟ್‌ವೇಯಂಥ ಆವರಣದಲ್ಲಿ ಮಾಲ್, ಹೋಟೆಲ್, ಆಫೀಸ್ ಗೋಪುರಕ್ಕೆ ಬೇರೆ ಬೇರೆ ಗೇಟು, ಆ್ಯಪ್‌ನ ಗುರುತು ಯಾವುದೋ ಒಂದಕ್ಕೆ ಬೀಳುತ್ತದೆ. ಸೆಕ್ಯುರಿಟಿಯವರನ್ನು ಗೇಟಿನ ಹೆಸರು ಕೇಳಿ, ಡ್ರೈವರ್‌ಗೆ ಫೋನ್ ಮಾಡಿ ಅದನ್ನೇ ಹೇಳಿ. ಎಂಟು ಜನಕ್ಕೆ ಎರಡು ಗಾಡಿ ಬೇಕು, ಅಜ್ಜಿ-ತಾತ ಮೊದಲ ಗಾಡಿಯಲ್ಲಿ. ಮೆಟ್ರೋದಲ್ಲೇ ಮರಳುವವರು ಕೊನೆಯ ರೈಲು ಸುಮಾರು 11 ಗಂಟೆಗೆ ಎಂದು ಲೆಕ್ಕ ಹಾಕಿ, 10:15ಕ್ಕಾದರೂ ಎದ್ದಿರಬೇಕು.